ಬೇಲೀಫ್ ಮನೆಯ ಹೊಗೆಗೂಡು

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಕೆಂಟ್ ಸೀಮೆಯ ಬೇಲೀಫ್ ಎಂಬ ಹಳೇ ರೈತರ ಮನೆ 1960ರ ದಶಕದಲ್ಲಿ ಜಲಾಶಯದ ಪಾಲಾಗುವುದರಲ್ಲಿತ್ತು. ಅದನ್ನು ಬಿಚ್ಚಿ ತಂದು ಸಸೆಕ್ಸ್‌ನ ಬಯಲು ಮ್ಯೂಸಿಯಂನಲ್ಲಿ ಮತ್ತೆ ಕಟ್ಟಿದ್ದು ದೊಡ್ಡ ಕೆಲಸ. ಆದರೆ 1540ರ ಸುಮಾರಿನ ರೂಪಕ್ಕೆ ತರಬೇಕೆಂದು ಆಮೇಲೆ ಸೇರಿದ್ದ ಇಟ್ಟಿಗೆಯ ಹೊಗೆಗೂಡನ್ನು ಕೈಬಿಟ್ಟರು. ಇದು ನನಗೆ ಒಪ್ಪಿಗೆಯಾಗಲಿಲ್ಲ.

ಮೊದಲು ನಡುಮನೆಯ ನೆಲದಲ್ಲೇ ಬೆಂಕಿ, ಹೊಗೆಯೆಲ್ಲ ಸೂರಿನವರೆಗೆ ತುಂಬಿಕೊಳ್ಳುತ್ತಿತ್ತು. ಹೊಗೆಗೂಡು ಬಂದ ಮೇಲೆಯೇ ಅಂಥ ಮನೆಗಳಲ್ಲಿ ನಡುವೆ ಅಟ್ಟ ಹಾಕಿ ಮೇಲೊಂದು ಬೆಚ್ಚನೆಯ ಕೋಣೆ ಮಾಡಿಕೊಳ್ಳಲು ಆಗಿದ್ದು. ಎಷ್ಟು ದೊಡ್ಡ ಬದಲಾವಣೆ ಅಲ್ವಾ! ಬೇಲೀಫ್ ಕೂಡ ಒಂದೇ ಕಾಲದ್ದಲ್ಲ. 15ನೇ ಶತಮಾನದ ನಡುಮನೆಗೆ 16ನೇ ಶತಮಾನದ ಆರಂಭದಲ್ಲಿ ಒಂದು ಭಾಗ ಸೇರಿಸಿದ್ದರು, ಅದನ್ನು ಉಳಿಸಿಕೊಂಡಿದ್ದಾರೆ. ಹೊಗೆಗೂಡನ್ನೂ ಉಳಿಸಬೇಕಿತ್ತು.

– ಒಬ್ಬ ಓದುಗ, ಮೈಸೂರು