ನಾಲ್ಕನೇ ತರಗತಿ ಪೋಷಕರ ಗಮನಕ್ಕೆ: ಮಕ್ಕಳು ಮಳೆ ಅಳೆಯುತ್ತಾರೆ

ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ಮಕ್ಕಳು ಶಾಲೆ ಅಂಗಳದಲ್ಲಿ ಮಳೆ ಅಳೆಯುತ್ತಾರೆ. ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಕಳಿಸಿ. ಗಾಜಿನದು ಬೇಡ.

ಇದು ಬರೀ ಪರಿಸರ ಪಾಠ ಅಲ್ಲ. ಸ್ಕೇಲ್ ಇಟ್ಟು ಮಿಲಿಮೀಟರ್ ಓದುವುದು, ವಾರದ ಮಳೆ ಕೂಡುವುದು ಗಣಿತವೇ ಅಲ್ವಾ? 1 ಚದರ ಮೀಟರ್ ಜಾಗಕ್ಕೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ ಮನೆ ಅಂಗಳಕ್ಕೆ ಎಷ್ಟು ಲೀಟರ್ ಬಿತ್ತು ಅಂತ ಮಕ್ಕಳ ಹತ್ತಿರ ಲೆಕ್ಕ ಹಾಕಿಸಿ. ಆ ನೀರು ಹಳ್ಳ ಸೇರಿ, ತುಂಗೆ ಸೇರಿ, ಶಿವಮೊಗ್ಗ ದಾಟಿ ಕೂಡ್ಲಿಯಲ್ಲಿ ಭದ್ರೆಯನ್ನು ಕೂಡುವ ದಾರಿಯನ್ನು ನಕ್ಷೆಯಲ್ಲಿ ಹುಡುಕುತ್ತೇವೆ.

ಕನ್ನಡಕ್ಕೆ ಮಳೆ ಹೆಸರುಗಳು: ಆರಿದ್ರಾ, ಪುನರ್ವಸು, ಪುಷ್ಯ. ಅಜ್ಜ ಅಜ್ಜಿ ಹೇಳಿದ್ದನ್ನು ಮಕ್ಕಳೇ ಬರೆದು ತರಲಿ. ಕಾಗುಣಿತ ತಪ್ಪಿದ್ದರೂ ದಯವಿಟ್ಟು ನೀವು ತಿದ್ದಬೇಡಿ.