ಗೆರೆ ಮೇಲೆದ್ದ ಕೂಡಲೇ ಹೆಸರಿಡಬೇಡ

ಚಿ. ಮೇಧಾಳಿಗೆ ಮಾವನ ಆಶೀರ್ವಾದಗಳು.

ಬಾಹ್ಯಾಕಾಶ ನೌಕೆಯ ಡೇಟಾದಿಂದ ನೀನು ಮಾಡಿ ಕಳಿಸಿದ ಗ್ರಾಫ್ ನೋಡಿದೆ. 5 ನ್ಯಾನೊಟೆಸ್ಲಾ ಆಸುಪಾಸಿನಲ್ಲಿದ್ದ ಕಾಂತಕ್ಷೇತ್ರ ಒಮ್ಮೆಲೇ 18ಕ್ಕೆ ಏರಿದೆ. ಪಕ್ಕದಲ್ಲಿ ‘ಬೋ ಶಾಕ್’ ಅಂತ ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೀಯ. ಇಷ್ಟು ಅವಸರ ಯಾಕೆ?

ಸೌರಮಾರುತ, ಅಂದರೆ ಸೂರ್ಯನಿಂದ ಹೊರಡುವ ಅಯಾನು, ಎಲೆಕ್ಟ್ರಾನುಗಳ ಹರಿವು, ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬರುತ್ತದೆ. ಅಲ್ಲಿನ ಅಲೆಗಳಿಗೆ ಅಷ್ಟು ವೇಗವಿಲ್ಲ. ಹಾಗಾಗಿ ಮುಂದೆ ಭೂಮಿಯ ಕಾಂತಕ್ಷೇತ್ರ ಅಡ್ಡ ಇದೆ ಅನ್ನುವ ಸುದ್ದಿ ಮಾರುತಕ್ಕೆ ಮೊದಲೇ ಮುಟ್ಟುವುದಿಲ್ಲ. ಅದಕ್ಕೇ ಭೂಮಿಯ ಮುಂದೆ ಬೋ ಶಾಕ್, ಅಂದರೆ ಮಾರುತ ಒಮ್ಮೆಲೇ ವೇಗ ಕಳೆದುಕೊಂಡು ಬಿಸಿಯಾಗುವ ಗಡಿ, ಹುಟ್ಟುವುದು. ಇಷ್ಟು ನಿನಗೆ ಗೊತ್ತು.

ತೊಡಕು ಇರುವುದು ಶಾಕ್‌ಗೂ ಮುಂಚಿನ ಜಾಗದಲ್ಲಿ. ಸೌರಮಾರುತದ ಕಾಂತರೇಖೆಗಳು ಶಾಕ್‌ಗೆ ಹೆಚ್ಚುಕಡಿಮೆ ನೇರವಾಗಿ ಬಂದು ತಾಗಿದರೆ, ಒಂದಷ್ಟು ಅಯಾನುಗಳು ಅಲ್ಲಿಂದ ಪುಟಿದು ಆ ರೇಖೆಗಳನ್ನೇ ಹಿಡಿದು ಮಾರುತಕ್ಕೆ ಎದುರಾಗಿ ಓಡುತ್ತವೆ. ಓಡುತ್ತಾ ಅಲೆ ಎಬ್ಬಿಸುತ್ತವೆ. ನೌಕೆಯಲ್ಲಿ ಈ ಅಲೆಗಳು ಸುಮಾರು 30 ಸೆಕೆಂಡಿಗೊಂದರಂತೆ ಕಾಣುತ್ತವೆ. ಮಾರುತ ಅವನ್ನು ಮತ್ತೆ ಶಾಕ್ ಕಡೆಗೇ ತಳ್ಳುತ್ತದೆ, ದಾರಿಯಲ್ಲಿ ಕೆಲವು ಕಡಿದಾಗಿ ಬೆಳೆದು ಸುತ್ತಲಿನ ಕ್ಷೇತ್ರದ ಮೂರು ನಾಲ್ಕು ಪಟ್ಟು ಆಗುತ್ತವೆ. ಕಾಂತಮಾಪಕವನ್ನಷ್ಟೇ ನೋಡಿದರೆ ಶಾಕ್ ಅಂತಲೇ ಅನ್ನಿಸುತ್ತದೆ. ನಿನ್ನ ಗೆರೆ ಹತ್ತು ಸೆಕೆಂಡಿನೊಳಗೆ ಮತ್ತೆ ಕೆಳಗೆ ಬಂದಿದೆ ಅಲ್ವಾ? ಅದನ್ನು ಯಾಕೆ ಬಿಟ್ಟೆ?

ನಿಜವಾದ ಶಾಕ್ ಆದರೂ ಒಂದು ಕಡೆ ನಿಲ್ಲುವುದಿಲ್ಲ. ಮಾರುತದ ಒತ್ತಡ ಏರಿದರೆ ಭೂಮಿಯ ಕಡೆಗೆ ಸರಿಯುತ್ತದೆ, ಇಳಿದರೆ ಸೂರ್ಯನ ಕಡೆಗೆ ಹೋಗುತ್ತದೆ. ಒಂದೇ ನೌಕೆಯನ್ನು ಅದು ಹಲವು ಸಲ ದಾಟಿ ಹೋಗಬಹುದು. ನೌಕೆ ಬೇರೆ ಜಾಗಕ್ಕೆ ಬಂತೋ, ಇಲ್ಲ ಇದ್ದ ಜಾಗವೇ ಹೊತ್ತಿನೊಂದಿಗೆ ಬದಲಾಯಿತೋ ಅಂತ ಆ ಒಂದು ನೌಕೆ ಹೇಳಲಾರದು. 2000ದಲ್ಲಿ ಕ್ಲಸ್ಟರ್ ಅಂತ ನಾಲ್ಕು ನೌಕೆ ಹಾರಿಸಿದ್ದು ಇದಕ್ಕೇ. 2015ರಲ್ಲಿ ಹಾರಿಸಿದ ಎಂಎಂಎಸ್ ಅನ್ನುವ ಯೋಜನೆಯ ನಾಲ್ಕು ನೌಕೆಗಳಂತೂ ಕೆಲವೊಮ್ಮೆ ಒಂದಕ್ಕೊಂದು 10 ಕಿ.ಮೀ.ಗೂ ಹತ್ತಿರ ಹಾರಿವೆ. ನಿನ್ನದು ಕ್ಲಸ್ಟರ್ ಡೇಟಾ. ನಾಲ್ಕಿದ್ದೂ ಒಂದನ್ನೇ ಹಿಡಿದು ಕೂತಿದ್ದೀಯಲ್ಲ ಮಾರಾಯ್ತಿ! ಉಳಿದ ಮೂರರಲ್ಲಿ ಅದೇ ಏರಿಕೆ ಎಷ್ಟು ಹೊತ್ತಿಗೆ ಬಂತು ನೋಡು. ಆ ಅಂತರದಿಂದಲೇ ಅದರ ದಿಕ್ಕು, ವೇಗ ಎರಡೂ ಸಿಗುತ್ತವೆ.

ಮುಂದೆ ಮಂಗಳದ ಡೇಟಾ ನೋಡುತ್ತೇನೆ ಅಂದಿದ್ದೀಯ. ನೋಡು, ಬೇಡ ಅನ್ನುವುದಿಲ್ಲ. ಆದರೆ ಅಲ್ಲಿ ಇಡೀ ಗ್ರಹಕ್ಕೆ ಒಂದು ಕಾಂತಕ್ಷೇತ್ರವಿಲ್ಲ, ನೆಲದ ಕಲ್ಲಿನಲ್ಲಿ ಉಳಿದ ತುಂಡು ಕ್ಷೇತ್ರಗಳು ಗ್ರಹದ ಜೊತೆ ಸುತ್ತುತ್ತಿರುತ್ತವೆ. ಭೂಮಿಯ ಲೆಕ್ಕ ಅಲ್ಲಿ ಹಾಗೇ ಹೊಂದುವುದಿಲ್ಲ.

ಸದ್ಯಕ್ಕೆ ಆ ಹೆಸರು ಅಳಿಸು. ಅದೇ ಹೊತ್ತಿನ ಅಯಾನುಗಳ ವೇಗ, ತಾಪದ ಗ್ರಾಫ್ ಕಳಿಸು. ವೇಗ ಕುಸಿದು ಹಾಗೇ ಉಳಿದಿದ್ದರೆ, ತಾಪ ಏರಿದ್ದರೆ, ಶಾಕ್ ಅಂತ ನಾನೇ ಒಪ್ಪುತ್ತೇನೆ.

ನಿನ್ನ ಮಾವ