ಮಂಜನಿಗೆ, ಕಿಂಡರ್‌ಡೈಕ್ ಕಂಡ ಮೇಲೆ

ಲೋ ಮಂಜ,

ನೆದರ್‌ಲೆಂಡ್ಸ್‌ಗೆ ಹೋಗಿ ಒಂದು ಗಾಳಿಗಿರಣಿಯ ಫೋಟೊ ಕೂಡ ಕಳಿಸಿಲ್ಲ ಅಂತ ಬೈಯುತ್ತಿದ್ದೆಯಲ್ಲ, ತಗೋ, 19 ಗಿರಣಿ ಒಟ್ಟಿಗೇ ಕಳಿಸಿದ್ದೇನೆ. ಎಲ್ಲದರಲ್ಲೂ ಮೋಡ. ಕೊಡೆಯ ಮಾತು ಮಾತ್ರ ಎತ್ತಬೇಡ.

ಊರು ಕಿಂಡರ್‌ಡೈಕ್. ರಾಟರ್‌ಡ್ಯಾಮಿಗೆ ಹತ್ತಿರ, ಲೆಕ್ ಮತ್ತು ನೂರ್ಡ್ ನದಿಗಳು ಸೇರುವ ಕಡೆ. 1421ರ ನವೆಂಬರಿನ ದೊಡ್ಡ ನೆರೆಯಲ್ಲಿ ಇಲ್ಲಿಗೊಂದು ತೊಟ್ಟಿಲು ತೇಲಿ ಬಂತಂತೆ. ಒಳಗೆ ಮಗು, ಜೊತೆಗೊಂದು ಬೆಕ್ಕು. ತೊಟ್ಟಿಲು ಮಗುಚದ ಹಾಗೆ ಬೆಕ್ಕು ಆ ಕಡೆ ಈ ಕಡೆ ಹಾರುತ್ತಿತ್ತಂತೆ. ನೆರೆ ಬಂದದ್ದು ನಿಜ. ಬೆಕ್ಕಿನ ವಿಷಯ ನಂಬುವುದು ಬಿಡುವುದು ನಿನಗೆ ಬಿಟ್ಟಿದ್ದು.

ಈ ಗಿರಣಿಗಳು ಹಿಟ್ಟು ಬೀಸುವುದಿಲ್ಲ ಕಣೋ, ನೀರು ಎತ್ತುತ್ತವೆ. ಜೌಗು ನೆಲದ ನೀರು ಬಸಿದರೆ ನೆಲ ಕುಸಿಯುತ್ತದೆ. ಕುಸಿದಷ್ಟೂ ಬಸಿಯುವ ಕೆಲಸ ಜಾಸ್ತಿ. ಕೊನೆಗೆ ಹೊಲ ಕೆಳಗೆ, ನದಿ ಮೇಲೆ. ಅದಕ್ಕೇ 1738ರಲ್ಲಿ ಇಟ್ಟಿಗೆಯ 8 ಗಿರಣಿ, 1740ರಲ್ಲಿ ಹುಲ್ಲು ಹೊದಿಸಿದ 8 ಗಿರಣಿ ಕಟ್ಟಿದರು. ನೀರನ್ನು ಎತ್ತಿ ಕೂಡಿಟ್ಟು, ನದಿ ಇಳಿದಾಗ ತೂಬು ತೆಗೆಯುತ್ತಿದ್ದರು. ಆಮೇಲೆ ಉಗಿ ಪಂಪು ಬಂತು, ಡೀಸೆಲ್ ಬಂತು. ಎರಡನೇ ಮಹಾಯುದ್ಧದಲ್ಲಿ ಇಂಧನ ಸಿಗದೆ ಇದೇ ಮುದಿ ಗಿರಣಿಗಳು ಮತ್ತೆ ದುಡಿದವು. 1997ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು.

ಅವುಗಳೊಳಗೆ ಈಗಲೂ ಸಂಸಾರ ಇದೆ. ಕಿಟಕಿಗೆ ಪರದೆ, ಹಿಂದೆ ಒಗೆದ ಬಟ್ಟೆ, ಮುಂದೆ ಒಂದೊಂದೇ ರೆಕ್ಕೆ ಹುಲ್ಲಿನ ಮೇಲೆ ಅಡಿಯಷ್ಟು ಎತ್ತರದಲ್ಲಿ ಭರ್ ಅಂತ ಹಾಯುತ್ತದೆ. ಮಕ್ಕಳನ್ನು ಹೇಗೆ ಸಾಕಿದರೋ!

ಆದರೆ ನನ್ನ ತಲೆಯಲ್ಲಿ ಕೂತಿರುವುದು ಬೇರೆ. ಗಿರಣಿ ನಿಲ್ಲಿಸುವುದಕ್ಕೂ ಒಂದು ಕ್ರಮ ಇದೆ. ರೆಕ್ಕೆ ನೆತ್ತಿಗೆ ಇನ್ನೇನು ಬರಬೇಕು ಅನ್ನುವಾಗ ನಿಲ್ಲಿಸಿದರೆ ಮನೆಯಲ್ಲಿ ಮದುವೆಯೋ ಮಗುವೋ. ನೆತ್ತಿ ದಾಟಿದ ಮೇಲೆ ನಿಲ್ಲಿಸಿದರೆ ಸಾವು. 2014ರಲ್ಲಿ ಉಕ್ರೇನ್ ಮೇಲೆ ವಿಮಾನ ಹೊಡೆದುರುಳಿಸಿ 298 ಜನ, ಹೆಚ್ಚಿನವರು ಇಲ್ಲಿಯವರೇ, ಸತ್ತಾಗ ಈ ದೇಶದ ಎಷ್ಟೋ ಗಿರಣಿಗಳು ಹಾಗೆ ನಿಂತಿದ್ದವು. ಬಾಯಿ ಬಿಡುವುದೇ ಬೇಡ. ಏರಿಯ ಮೇಲೆ ಹೋಗುವವರಿಗೆಲ್ಲ ತಿಳಿಯುತ್ತದೆ.

ಅಪ್ಪ ಹೋದಾಗ ನೀನಿದ್ದೆ, ಎಲ್ಲ ನೋಡಿದ್ದೀಯ. ನೋಡದೇ ಇದ್ದದ್ದು ಆಮೇಲಿನದು. ಇಲ್ಲಿಗೆ ವಾಪಸ್ ಬಂದ ದಿನ ಆಫೀಸಿನಲ್ಲಿ "ರಜೆ ಹೇಗಿತ್ತು?" ಅಂದರು. ಬೋಳಿಸಿದ ತಲೆ ನೋಡಿ "ಹೊಸ ಸ್ಟೈಲಾ?" ಅಂತಲೂ ಕೇಳಿದರು. ಹೂಂ ಅಂದೆ. ಪಕ್ಕದ ಮನೆ ಅಜ್ಜಿ "ಅಪ್ಪನ ಮಂಡಿ ನೋವು ಹೇಗಿದೆ?" ಅಂತ ಈಗಲೂ ವಿಚಾರಿಸುತ್ತಾರೆ. "ಪರವಾಗಿಲ್ಲ" ಅನ್ನುತ್ತೇನೆ. ಮೊನ್ನೆಯಂತೂ "ಈಗ ಕೋಲು ಬಿಟ್ಟು ನಡೆಯುತ್ತಾರೆ" ಅಂದುಬಿಟ್ಟೆ. ನಾಚಿಕೆ ಆಗಲಿಲ್ಲ ಮಂಜ, ಖುಷಿ ಆಯಿತು. ಈ ಒಂದು ಮೆಟ್ಟಿಲ ಮೇಲಾದರೂ ಅಪ್ಪ ಇದ್ದಾರಲ್ಲ ಅಂತ. ಇನ್ನೊಂದು ಸಲ ಕೇಳಿದರೆ ಸೈಕಲ್ಲೇ ಹೊಡೆಸಿಬಿಡುತ್ತೇನೇನೋ.

ಸರಿ, ಬಿಡು. ಗಿರಣಿ ಬಗ್ಗೆ ಬರೆಯಲು ಕೂತವನು ಎಲ್ಲಿಗೋ ಹೋದೆ. ಇದನ್ನು ಓದುತ್ತಿರುವ ಉಳಿದವರು ಪ್ರವಾಸ ಕಥನ ಅಂತಲೇ ತಿಳಿದುಕೊಳ್ಳಿ. ಟಿಕೆಟ್ ತಗೊಂಡರೆ ಗಿರಣಿಯ ಒಳಗೂ ಬಿಡುತ್ತಾರೆ. ಏಣಿ ತುಂಬಾ ಕಡಿದಾಗಿದೆ, ಪಂಚೆ ಉಟ್ಟು ಹತ್ತಬೇಡಿ.

ಮಂಜ, ಇದನ್ನು ಓದಿದ ಕೂಡಲೇ ಫೋನ್ ಮಾಡಿ ದನಿ ತಗ್ಗಿಸಿ ಮಾತಾಡಬೇಡ, ನಗು ಬರುತ್ತದೆ. ಅದರ ಬದಲು ಚಕ್ಕುಲಿ ಕಳಿಸು. ಈ ಸಲ ಡಬ್ಬಿಯಲ್ಲಿ ಹಾಕು ಮಾರಾಯ, ಹೋದ ಸಲ ಬಂದದ್ದನ್ನು ಚಮಚದಲ್ಲಿ ತಿಂದೆ.

ಇಂತಿ ನಿನ್ನ,
ಬೋಂಡ